ಜಗುಲಿಯ ಮೇಲೆ ಊರ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಊರಿನ ನೀರು, ಕಾಲುಸಂಕ, ರಸ್ತೆ, ಬಂದರು, ಅರಣ್ಯ ಹಕ್ಕು ಇಂಥ ವಿಷಯಗಳನ್ನು ಹತ್ತು ಜನ ಒಂದು ಕಡೆ ಕೂತು ಮಾತಾಡುವುದು ಹೇಗೆ ಎಂದು ಕಾರವಾರದಿಂದ ಭಟ್ಕಳದವರೆಗಿನ ಓದುಗರೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಮಾಡಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಕೇರಿಯಲ್ಲಿ ಎಲ್ಲರೂ ಅಂಗಡಿ ಎದುರು ನಿಂತು ಊರಿನ ಸಮಸ್ಯೆ ಮಾತಾಡುತ್ತಾರೆ, ಅಲ್ಲಿಗೇ ಮರೆಯುತ್ತಾರೆ. ಒಮ್ಮೆ ಮನೆಗೆ ಕರೆದು ಸರಿಯಾಗಿ ಚರ್ಚೆ ಮಾಡಿಸಬೇಕು ಅಂತಿದೆ. ಎಷ್ಟು ಜನ, ಎಲ್ಲಿ, ಎಷ್ಟು ಹೊತ್ತು?
(ಕುಮಟಾ ತಾಲೂಕಿನಿಂದ)

ಎಂಟರಿಂದ ಹನ್ನೆರಡು ಜನ ಸಾಕು. ಐದಕ್ಕಿಂತ ಕಡಿಮೆಯಾದರೆ ಪಟ್ಟಾಂಗವಾಗುತ್ತದೆ. ಹದಿನೈದು ದಾಟಿದರೆ ಯಾರಾದರೂ ಒಬ್ಬರು ಎದ್ದು ನಿಂತು ಭಾಷಣಕ್ಕೆ ತೊಡಗುತ್ತಾರೆ, ಹಿಂದೆ ಕೂತವರು ತಮ್ಮದೇ ಬೇರೆ ಮಾತು ತೆಗೆಯುತ್ತಾರೆ. ಒಂದೂವರೆ ತಾಸಿನಲ್ಲಿ ಹನ್ನೆರಡು ಜನರಿಗೆ ತಲಾ ಎರಡು ಮೂರು ಸಲ ಬಾಯಿ ಬಿಡಲು ಸಿಗುತ್ತದೆ, ಮೂವತ್ತು ಜನರಿಗೆ ಸಿಗುವುದಿಲ್ಲ. ಹೆಚ್ಚು ಜನ ಬರುವಂತಿದ್ದರೆ ಎರಡು ಕೇರಿಗೆ ಎರಡು ಸಭೆ ಇಡಿ.

ಜಾಗ ಆರಿಸುವಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಮೆಟ್ಟಿಲು ಹತ್ತಲು ಊರಿನಲ್ಲಿ ಯಾರು ಹಿಂದೆಮುಂದೆ ನೋಡುತ್ತಾರೆ? ಪಕ್ಷದ ಮುಂದಾಳು, ಗುತ್ತಿಗೆದಾರರು, ಊರಿಗೆ ಸಾಲ ಕೊಡುವವರು, ಇವರ ಮನೆ ಬೇಡ. ದೇವಸ್ಥಾನದ ಅಂಗಳಕ್ಕೂ ಎಲ್ಲರೂ ಸಲೀಸಾಗಿ ಬರುತ್ತಾರೆಂದು ತಿಳಿಯಬೇಡಿ. ಪಂಚಾಯ್ತಿ ಗ್ರಂಥಾಲಯ ಈಗ 'ಅರಿವು ಕೇಂದ್ರ'ವಾಗಿದೆ, ಅಲ್ಲಿ ಕೇಳಿನೋಡಿ. ಮುಖ್ಯೋಪಾಧ್ಯಾಯರು ಒಪ್ಪಿದರೆ ರಜಾದಿನ ಶಾಲೆಯ ಜಗುಲಿಯೂ ಆದೀತು. ಮೀನುಗಾರರ ಕೇರಿಯಲ್ಲಾದರೆ ಬಲೆ ಹೆಣೆಯುವ ಚಪ್ಪರಕ್ಕಿಂತ ಒಳ್ಳೆಯ ಜಾಗವಿಲ್ಲ. ಕೈ ಕೆಲಸದಲ್ಲಿದ್ದಾಗ ಮಾತು ತಾನಾಗಿ ಬರುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮಾತ್ರ ಕೂರಬೇಡಿ. ಆಷಾಢದ ಮಳೆ ಒಂದು ಸಲ ಹೊಡೆಯಿತೆಂದರೆ ಪಕ್ಕದವರು ಹೇಳಿದ್ದೂ ಕೇಳುವುದಿಲ್ಲ. ಹಂಚಿನ ಮಾಡು ನೋಡಿ, ಕರೆಂಟು ಹೋಗಿಯೇ ಹೋಗುತ್ತದೆಂದು ಲೆಕ್ಕ ಹಾಕಿ ಒಂದು ಚಾರ್ಜ್ ಲೈಟ್ ಇಟ್ಟುಕೊಳ್ಳಿ.

ಕೂರಿಸುವುದರಲ್ಲಿ ತುಂಬಾ ಜನ ತಪ್ಪುತ್ತಾರೆ. ನಾಲ್ವರಿಗೆ ಪ್ಲಾಸ್ಟಿಕ್ ಕುರ್ಚಿ, ಉಳಿದವರಿಗೆ ಚಾಪೆ ಎಂದಾದರೆ ಯಾರ ಮಾತಿಗೆ ಬೆಲೆ ಎನ್ನುವುದು ಸಭೆ ಶುರುವಾಗುವ ಮೊದಲೇ ತೀರ್ಮಾನವಾಗಿಬಿಡುತ್ತದೆ. ಎಲ್ಲರಿಗೂ ಕುರ್ಚಿ, ಇಲ್ಲವೇ ಎಲ್ಲರಿಗೂ ಚಾಪೆ. ಮೊಣಕಾಲು ನೋವಿನ ಹಿರಿಯರಿದ್ದರೆ ಎಲ್ಲರಿಗೂ ಬೆಂಚು. ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಸುತ್ತ ಕೂರಿಸಿ.

ಹೊತ್ತು ಊರಿನ ಕೆಲಸ ನೋಡಿ ಗೊತ್ತುಮಾಡಬೇಕು. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಬಂದರಿನ ಊರುಗಳಲ್ಲಿ ಜನ ಸಿಗುವ ಕಾಲ. ಘಟ್ಟದ ಮೇಲೆ ಅಡಿಕೆ ಕೊಯ್ಲು, ಸುಲಿಯುವ ಕೆಲಸ ನಡೆದಿರುವಾಗ ಸಂಜೆ ಯಾರೂ ಬರುವುದಿಲ್ಲ. ಪಕ್ಕದೂರಲ್ಲಿ ಯಕ್ಷಗಾನದ ಆಟ ಇರುವ ರಾತ್ರಿಯನ್ನೂ ಬಿಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಶ್ನೆ. 'ನಮ್ಮೂರಿನ ಅಭಿವೃದ್ಧಿ' ಎಂದು ಕರೆದರೆ ಎಲ್ಲರೂ ತಮ್ಮ ತಮ್ಮ ದೂರು ಹೇಳಿ ಎದ್ದುಹೋಗುತ್ತಾರೆ. 'ಶಾಲೆಗೆ ಹೋಗುವ ದಾರಿಯ ಹಳ್ಳಕ್ಕೆ ಕಾಲುಸಂಕವನ್ನು ಬರುವ ವರ್ಷದ ಪಂಚಾಯ್ತಿ ಕ್ರಿಯಾಯೋಜನೆಯಲ್ಲಿ ಸೇರಿಸುವುದು ಹೇಗೆ' ಎಂದು ಕರೆಯಿರಿ. ಒಂದು ಸಭೆಗೆ ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಕೊಡಬೇಕಾದ ಒಂದು ಕಚೇರಿ ಇರಬೇಕು. ಯಾವ ಕಚೇರಿಯ ಮೇಜಿಗೂ ಹೋಗಲಾರದ ಪ್ರಶ್ನೆಯಿಂದ ಮೊದಲ ಸಭೆ ಶುರುಮಾಡಬೇಡಿ.

ಕರೆಯುವಾಗ ಮನೆಗೇ ಹೋಗಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿ ಕರೆಯಿರಿ. ಮೂರು ದಿನ ಮೊದಲು ಒಮ್ಮೆ, ಸಭೆಯ ದಿನ ಬೆಳಿಗ್ಗೆ ಇನ್ನೊಮ್ಮೆ. ಹನ್ನೆರಡು ಜನ ಬೇಕಿದ್ದರೆ ಹದಿನೆಂಟು ಜನರನ್ನು ಕರೆಯಿರಿ.

ಸಭೆಯನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ 10 ನಿಮಿಷ ಪ್ರಶ್ನೆ ಏನು, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಹೇಳಲು. ಮುಂದಿನ 25 ನಿಮಿಷ ಒಂದು ಸುತ್ತು, ಪ್ರತಿಯೊಬ್ಬರೂ ಎರಡು ನಿಮಿಷ ತಾವು ಕಂಡದ್ದನ್ನು ಹೇಳುವುದು, ನಡುವೆ ಯಾರೂ ಉತ್ತರ ಕೊಡುವ ಹಾಗಿಲ್ಲ. ಆಮೇಲೆ 35 ನಿಮಿಷ ಬಿಡುಮಾತು. ಕೊನೆಯ 20 ನಿಮಿಷ ಯಾರು, ಏನು, ಯಾವ ತಾರೀಕಿನೊಳಗೆ. ಈ ಕೊನೆಯ ಇಪ್ಪತ್ತು ನಿಮಿಷವನ್ನು ಬಿಡುಮಾತು ನುಂಗಿಹಾಕುವುದೇ ಹೆಚ್ಚು. ಅದಕ್ಕಾಗಿ ಗಡಿಯಾರ ನೋಡುವ ಕೆಲಸವನ್ನು ಒಬ್ಬರಿಗೆ ಮೊದಲೇ ವಹಿಸಿ. ಸಭೆ ನಡೆಸುವವರು, ಬರೆದುಕೊಳ್ಳುವವರು ಬೇರೆ ಬೇರೆಯಾಗಿರಲಿ. ಮನೆಯ ಯಜಮಾನರು ಇವೆರಡನ್ನೂ ಮಾಡದಿದ್ದರೆ ಒಳ್ಳೆಯದು, ಅವರ ಮನೆಯಲ್ಲಿ ಅವರ ಮಾತನ್ನು ಕಡಿಯಲು ಯಾರಿಗೂ ಬಾಯಿ ಬರುವುದಿಲ್ಲ.

ಗೋಡೆಗೆ ಒಂದು ಚಾರ್ಟ್ ಹಾಳೆ ಅಂಟಿಸಿ ಮೂರು ಕಾಲಂ ಎಳೆಯಿರಿ: ಗೊತ್ತಿರುವುದು, ಗೊತ್ತಿಲ್ಲದ್ದು, ಮಾಡಬೇಕಾದದ್ದು. ಮಧ್ಯದ ಕಾಲಂ ಎಷ್ಟು ಉಪಯೋಗಕ್ಕೆ ಬರುತ್ತದೆಂದು ಮುಂದಿನ ಉತ್ತರದಲ್ಲಿ ಹೇಳುತ್ತೇವೆ.

ಶುರುವಾಗುವುದು ರಸ್ತೆಯಿಂದ, ಮುಗಿಯುವುದು ದಿಲ್ಲಿ, ಬೆಂಗಳೂರಿನ ಪಕ್ಷಗಳ ಜಗಳದಲ್ಲಿ. ಎರಡು ಸಲ ಹೀಗಾಯಿತು. ತಡೆಯುವುದು ಹೇಗೆ?
(ಶಿರಸಿಯಿಂದ)

ಪಕ್ಷ ಬೇಡ ಎಂದು ಬೋರ್ಡು ಹಾಕಿದರೆ ಪ್ರಯೋಜನವಿಲ್ಲ, ಜನರಿಗೆ ಪಕ್ಷ ಇದ್ದೇ ಇರುತ್ತದೆ. ಬೇರೆ ಬೇರೆ ಪಕ್ಷದವರೆಂದು ಊರಿಗೆಲ್ಲ ಗೊತ್ತಿರುವ ಇಬ್ಬರು ಸೇರಿ ಕರೆಯುವುದು ಮೊದಲ ಉಪಾಯ. ಕರೆದವರಲ್ಲೇ ಇಬ್ಬರಿದ್ದಾಗ 'ಇದು ಅವರ ಸಭೆ' ಎಂಬ ಮಾತು ಹುಟ್ಟುವುದಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ ಎಂಬುದನ್ನೂ ನೆನಪಿಸಬಹುದು.

ಎರಡನೆಯದು, ಮಾತು ಬಿಸಿಯಾದಾಗ 'ಶಾಂತವಾಗಿರಿ' ಅನ್ನಬೇಡಿ. ಅದರಿಂದ ಸಿಟ್ಟು ಇನ್ನೂ ಏರುತ್ತದೆ. 'ಯಾವ ವರ್ಷ? ಯಾವ ಕಾಗದದಲ್ಲಿದೆ?' ಎಂದು ಕೇಳಿ. ಕಾಗದ ಇಲ್ಲವಾದರೆ ಆ ಮಾತನ್ನು ಹಾಗೆಯೇ 'ಗೊತ್ತಿಲ್ಲದ್ದು' ಕಾಲಂನಲ್ಲಿ, ಹೇಳಿದವರ ಎದುರೇ ಬರೆದು, ಪತ್ತೆ ಮಾಡುವ ಕೆಲಸವನ್ನು ಎರಡೂ ಕಡೆಯ ಒಬ್ಬೊಬ್ಬರಿಗೆ ಜೊತೆಯಾಗಿ ಕೊಡಿ. ಹೇಳಿದ್ದು ಹಾಳೆಯ ಮೇಲೆ ಬಂದಿತೆಂದರೆ ಅದನ್ನೇ ನಾಲ್ಕು ಸಲ ಕೂಗಿ ಹೇಳುವ ಅಗತ್ಯ ಇರುವುದಿಲ್ಲ.

ನಿಮ್ಮ ಭಾಗದಲ್ಲಿ ಹೆಚ್ಚು ಜಗಳ ತರುವ ಅರಣ್ಯ ಅತಿಕ್ರಮಣದ ವಿಷಯವನ್ನೇ ತೆಗೆದುಕೊಳ್ಳಿ. ಅರ್ಧ ಜಗಳ ಕಾಯ್ದೆ ಓದದೆ ಆಗುವಂಥದ್ದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಸ್ವಾಧೀನದಲ್ಲಿದ್ದುದನ್ನು ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ತಾರೀಕಿಗೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೂ ಸಾಕ್ಷ್ಯ ಕೊಡಬೇಕು. ಹಕ್ಕಿನ ಮಿತಿ 4 ಹೆಕ್ಟೇರ್. ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಿಂದ ಉಪವಿಭಾಗ ಮಟ್ಟಕ್ಕೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರ ಅರ್ಜಿಗೂ ಪಕ್ಕದ ಮನೆಯವರ ಅರ್ಜಿಗೂ ಬೇಕಾದ ಸಾಕ್ಷ್ಯ ಬೇರೆ. ತೋಟಿಗರ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯದ) ಪ್ರಶ್ನೆಯೇ ಇನ್ನೊಂದು. ಈ ಮೂರನ್ನು ಒಂದೇ ಸಂಜೆ ಕಲಸಿದರೆ 'ಅವರಿಗೆ ಸಿಕ್ಕಿತು, ನಮಗಿಲ್ಲ' ಎನ್ನುವ ಕಹಿ ಮಾತ್ರ ಉಳಿಯುತ್ತದೆ. ಮೂರು ಸಂಜೆ ಮಾಡಿ. ಪ್ರತಿ ಸಲ ಕಾಯ್ದೆಯ ಸಂಬಂಧಪಟ್ಟ ಪುಟವನ್ನು ಕನ್ನಡದಲ್ಲಿ ಮುದ್ರಿಸಿ ನಾಲ್ಕು ಪ್ರತಿ ಇಟ್ಟುಕೊಳ್ಳಿ, ಒಬ್ಬರು ಗಟ್ಟಿಯಾಗಿ ಓದಲಿ.

ಸಭೆಗೆ ಪೊಲೀಸರ ಅನುಮತಿ ಬೇಕೇ?
(ಕಾರವಾರದಿಂದ)

ಮನೆಯ ಜಗುಲಿಯಲ್ಲಿ ಹತ್ತು ಜನ ಕೂತು ಮಾತಾಡಲು ಬೇಡ. ಧ್ವನಿವರ್ಧಕ ಹಾಕುವುದಾದರೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದೂ ಸಿಗುವುದಿಲ್ಲ. ಹನ್ನೆರಡು ಜನರ ಸಭೆಗೆ ಮೈಕಿನ ಅಗತ್ಯವೂ ಇಲ್ಲ. ರಸ್ತೆ, ಮೈದಾನದಂಥ ಸಾರ್ವಜನಿಕ ಜಾಗದಲ್ಲಾದರೆ ಮೊದಲೇ ಠಾಣೆಗೆ ತಿಳಿಸಿ. ನಿಷೇಧಾಜ್ಞೆ ಜಾರಿಯಲ್ಲಿದ್ದರೆ (ಹಿಂದೆ 144 ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ) ಆದೇಶದ ಪ್ರತಿ ಓದಿ, ಯಾವ ಪ್ರದೇಶ, ಎಷ್ಟು ದಿನ ಎಂದು ನೋಡಿ, ಅಷ್ಟು ದಿನ ಮುಂದೂಡಿ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಮತದಾನ ಮುಗಿಯುವುದಕ್ಕೆ ಮೊದಲಿನ 48 ತಾಸು ಚುನಾವಣೆಗೆ ಸಂಬಂಧಿಸಿದ ಸಾರ್ವಜನಿಕ ಸಭೆ ನಡೆಸುವಂತಿಲ್ಲ. ನೀತಿಸಂಹಿತೆ ಇರುವ ಅಷ್ಟೂ ವಾರ ಅಭ್ಯರ್ಥಿಗಳನ್ನಾಗಲಿ ಅವರ ಏಜೆಂಟರನ್ನಾಗಲಿ ಜಗುಲಿಗೆ ಕರೆಯದಿರುವುದೇ ಕ್ಷೇಮ.

ಹೆಂಗಸರು ಬರುತ್ತಾರೆ, ಆದರೆ ಒಂದು ಮಾತೂ ಆಡುವುದಿಲ್ಲ. ಕೇಳಿದರೆ 'ನಮಗೇನು ಗೊತ್ತು' ಅನ್ನುತ್ತಾರೆ.
(ಹೊನ್ನಾವರದಿಂದ)

ಕೇಳುವ ರೀತಿ ಬದಲಿಸಿ. 'ನೀರಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು' ಎಂದರೆ ಯಾರಿಗಾದರೂ ನಾಲಿಗೆ ಒಣಗುತ್ತದೆ. 'ನಿನ್ನೆ ನಲ್ಲಿ ಎಷ್ಟು ಗಂಟೆಗೆ ಬಂತು, ಎಷ್ಟು ಕೊಡ ತುಂಬಿತು' ಎಂದು ಕೇಳಿ. ಜಲಜೀವನ್ ಮಿಷನ್ನಿನ ಲೆಕ್ಕ ದಿನಕ್ಕೆ ತಲಾ 55 ಲೀಟರ್. ಐದು ಜನರ ಮನೆಗೆ 275 ಲೀಟರ್, 15 ಲೀಟರಿನ ಕೊಡದಲ್ಲಿ ಹದಿನೆಂಟು ಚಿಲ್ಲರೆ. ಸಿಗುವುದು ಎಂಟು ಕೊಡ ಎಂದು ನಾಲ್ಕು ಮನೆಯವರು ಹೇಳಿದರೆಂದರೆ ಕೊರತೆ ಎಷ್ಟೆಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಆ ಲೆಕ್ಕ ಅವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ಸುತ್ತಿನಲ್ಲಿ ಮೊದಲ ಮಾತು ಹೆಂಗಸರದ್ದೇ ಇರಲಿ. ನಾಲ್ವರು ಗಂಡಸರು ಮಾತಾಡಿ ದಿಕ್ಕು ತೋರಿಸಿದ ಮೇಲೆ ಬೇರೆ ದಿಕ್ಕಿಗೆ ಮಾತು ತೆಗೆಯುವುದು ಸುಲಭವಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಅವರಿಗೆ ಅನುಕೂಲದ ಹೊತ್ತು. ಮೀನು ಮಾರಲು ಹೋದವರು ಅಷ್ಟರಲ್ಲಿ ಮರಳಿರುತ್ತಾರೆ, ರಾತ್ರಿಯ ಅಡಿಗೆಗೆ ಇನ್ನೂ ಹೊತ್ತಿರುತ್ತದೆ. ಸ್ವಸಹಾಯ ಸಂಘದ ವಾರದ ಸಭೆಯ ಬೆನ್ನಿಗೇ ಇಟ್ಟರೆ ಮತ್ತೊಮ್ಮೆ ಮನೆಯಿಂದ ಹೊರಡುವ ತಾಪತ್ರಯ ತಪ್ಪುತ್ತದೆ.

ಚಾ ವಿಷಯ ಸಣ್ಣದೆನಿಸಬಹುದು, ಸಣ್ಣದಲ್ಲ. ಚರ್ಚೆ ಕಾವೇರುವ ಹೊತ್ತಿಗೆ ಮನೆಯಾಕೆ ಮತ್ತು ಅವರ ಜೊತೆ ಇನ್ನಿಬ್ಬರು ಒಳಗೆ ಹೋಗಿ ಲೋಟ ತೊಳೆಯುತ್ತಿರುತ್ತಾರೆ. ಸಭೆಗೆ ಮೊದಲೇ ಎರಡು ಲೀಟರಿನ ಫ್ಲಾಸ್ಕಿನಲ್ಲಿ ಚಾ ಅಥವಾ ಕಷಾಯ ತುಂಬಿಸಿ ನಡುವೆ ಇಟ್ಟುಬಿಡಿ. ಅರ್ಧ ಲೋಟದಂತೆ ಹದಿನೈದು ಜನರಿಗೆ ಸಾಕಾಗುತ್ತದೆ. ಬಗ್ಗಿಸಿ ಕೊಡುವ ಕೆಲಸ ಗಂಡಸರು ಮಾಡಲಿ.

ಭಾಷೆಯನ್ನೂ ನೋಡಿ. ಕೊಂಕಣಿ, ಹಾಲಕ್ಕಿ ಕನ್ನಡ, ಭಟ್ಕಳದಲ್ಲಾದರೆ ನವಾಯತಿ, ಯಾವುದು ಬಾಯಿಗೆ ಬರುತ್ತದೋ ಅದರಲ್ಲೇ ಮಾತಾಡಲಿ. ಪುಸ್ತಕದ ಕನ್ನಡದಲ್ಲಿ ಹೇಳಬೇಕೆಂಬ ಅಂಜಿಕೆಯಿಂದ ಸುಮ್ಮನಿರುವವರು ನಾವು ಎಣಿಸಿದ್ದಕ್ಕಿಂತ ಹೆಚ್ಚು. ಬರೆದುಕೊಳ್ಳುವವರಿಗೆ ಆ ಭಾಷೆ ಗೊತ್ತಿರಬೇಕು ಅಷ್ಟೇ.

ನಮ್ಮ ಭಾಗದಲ್ಲಿ ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ಸಾವಿರಾರು ಜನ ಸೇರುತ್ತಾರೆ, ಗಲಾಟೆಯಾಗುತ್ತದೆ, ನಮ್ಮ ಮಾತು ಎಲ್ಲಿಗೆ ಹೋಯಿತೋ ತಿಳಿಯುವುದಿಲ್ಲ. ಸಣ್ಣ ಸಭೆಗಳಿಂದ ಇದಕ್ಕೆ ತಯಾರಿ ಮಾಡಬಹುದೇ?
(ಅಂಕೋಲಾದಿಂದ)

ಮಾಡಬಹುದು, ಮಾಡಲೇಬೇಕು. ಸಣ್ಣ ಸಭೆಯಿಂದ ಅತಿ ಹೆಚ್ಚು ಪ್ರಯೋಜನವಾಗುವ ಜಾಗ ಇದು.

ಮೊದಲು ನಿಯಮ ತಿಳಿದಿರಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಹವಾಲು ಸಭೆಯನ್ನು ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ನಡೆಸಿಕೊಡುವುದು ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಕಡೆ ಓದಲು ಸಿಗಬೇಕು, ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಇಷ್ಟು ಜನ ಬಂದರೆ ಮಾತ್ರ ಸಭೆ ಎಂಬ ಕೋರಂ ಇಲ್ಲ. ಆದ್ದರಿಂದ ಬಹಿಷ್ಕಾರ ಹಾಕಿ ಹೊರಗೆ ಉಳಿದರೂ ಸಭೆ ನಡೆದಂತೆಯೇ. ಇಡೀ ಕಲಾಪದ ವಿಡಿಯೊ ಆಗಬೇಕು. ಕೊನೆಯಲ್ಲಿ, ಹೇಳಿದ್ದರ ಸಾರವನ್ನು ಅಲ್ಲಿ ಕೂತವರಿಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಒಪ್ಪಿದ ನಡಾವಳಿಗೆ ಅದೇ ದಿನ ಸಹಿ ಮಾಡಬೇಕು.

ಜನ ಸೋಲುವುದು ಈ ಕೊನೆಯ ಹಂತದಲ್ಲಿ. ಮಾತಾಡಿದವರೆಲ್ಲ ಊಟಕ್ಕೆ, ಬಸ್ಸಿಗೆ ಎದ್ದುಹೋದ ಮೇಲೆ ನಡಾವಳಿ ಓದಲಾಗುತ್ತದೆ. ತಮ್ಮ ಮಾತು ಬಿಟ್ಟುಹೋಗಿದೆ ಎಂದು ಹೇಳಲು ಯಾರೂ ಇರುವುದಿಲ್ಲ. ಕೊನೆಯವರೆಗೂ ಕೂರುವ ಐದು ಜನ ಯಾರೆಂದು ಜಗುಲಿಯ ಸಭೆಯಲ್ಲೇ ಹೆಸರು ಬರೆದಿಡಿ. ಅವರ ಬುತ್ತಿಯೂ ಮೊದಲೇ ಕಟ್ಟಿರಲಿ.

ಆ 30 ದಿನವನ್ನು ಹೀಗೆ ಬಳಸಿಕೊಳ್ಳಿ. ಪ್ರಕಟಣೆ ಬಂದ ವಾರದೊಳಗೆ ಮೊದಲ ಸಭೆ ಸೇರಿಸಿ ಕನ್ನಡದ ಸಾರಾಂಶವನ್ನು ಗಟ್ಟಿಯಾಗಿ ಓದಿಸಿ. ಪೂರ್ಣ ವರದಿ ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತದೆ. ಅದನ್ನು ಒಬ್ಬರೇ ಓದಲು ಹೋದರೆ ತಿಂಗಳು ಮುಗಿಯುತ್ತದೆ. ಅಧ್ಯಾಯ ಹಂಚಿ: ಮೀನುಗಾರಿಕೆ ಒಬ್ಬರಿಗೆ, ಕುಡಿಯುವ ನೀರು ಒಬ್ಬರಿಗೆ, ಕಡಲ್ಕೊರೆತ ಇನ್ನೊಬ್ಬರಿಗೆ, ರಸ್ತೆ ಮತ್ತು ಲಾರಿ ಓಡಾಟ ಮತ್ತೊಬ್ಬರಿಗೆ. ಊರಿನ ಕಾಲೇಜು ಮಕ್ಕಳನ್ನು ಒಬ್ಬೊಬ್ಬ ಹಿರಿಯರ ಜೊತೆ ಜೋಡಿ ಮಾಡಿದರೆ ಇಂಗ್ಲಿಷ್ ಅವರದು, ಕಡಲಿನ ಅನುಭವ ಇವರದು. ಎರಡನೇ, ಮೂರನೇ ವಾರ ಒಂದೊಂದು ಸಭೆಯಲ್ಲಿ ಆ ಜೋಡಿಗಳು ಕಂಡದ್ದನ್ನು ಹೇಳಲಿ.

ಏನು ಹುಡುಕಬೇಕು? ಅಂಕಿಅಂಶ ಯಾವ ತಿಂಗಳಲ್ಲಿ ತೆಗೆದದ್ದು ಎಂದು ಮೊದಲು ನೋಡಿ. ಇಂಥ ವರದಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಪನ ಸಾಕೆನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಕಡಲು ದಡ ತಿನ್ನುವುದು, ಹೊಳೆಯ ನೀರು ಗಜನಿಗೆ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಗೆ) ನುಗ್ಗುವುದು ಮಳೆಗಾಲದಲ್ಲೇ. ಆ ನಾಲ್ಕು ತಿಂಗಳು ಲೆಕ್ಕದಲ್ಲಿ ಇಲ್ಲವೆಂದರೆ ಅದೇ ನಿಮ್ಮ ಮೊದಲ ಪ್ರಶ್ನೆ. ಆಮೇಲೆ, ಮೀನುಗಾರರು ಎಂದು ಯಾರನ್ನು ಎಣಿಸಿದ್ದಾರೆ ನೋಡಿ. ಬೋಟಿನವರ ಲೆಕ್ಕವಿದ್ದು ನಾಡದೋಣಿಯವರು, ದಡದಿಂದ ಎಳೆಯುವ ಏಂಡಿ ಬಲೆಯವರು, ಅಳಿವೆಯಲ್ಲಿ ಚಿಪ್ಪು ಆರಿಸುವ ಹೆಂಗಸರು, ಮೀನು ಒಣಗಿಸುವವರು ಬಿಟ್ಟುಹೋಗಿರಬಹುದು. ಕೇರಿಯಲ್ಲೇ ಮನೆಮನೆ ಎಣಿಸಿ ಒಂದು ಪುಟದ ಪಟ್ಟಿ ಮಾಡಿದರೆ ಅದರಷ್ಟು ಬಲವಾದ ಕಾಗದ ಬೇರೆ ಇಲ್ಲ.

ನಾಲ್ಕನೇ ವಾರದ ಸಭೆಯಲ್ಲಿ ಮಾತನ್ನು ಹಂಚಿಕೊಳ್ಳಿ. ಇಪ್ಪತ್ತು ಜನ ಎದ್ದು 'ನಮಗೆ ಈ ಯೋಜನೆ ಬೇಡ' ಎಂದರೆ ನಡಾವಳಿಯಲ್ಲಿ ಅದು ಒಂದೇ ಸಾಲಾಗಬಹುದು. ಇಪ್ಪತ್ತು ಜನ ಇಪ್ಪತ್ತು ಬೇರೆ ಪ್ರಶ್ನೆ ಕೇಳಿದರೆ ಇಪ್ಪತ್ತಕ್ಕೂ ಕಂಪನಿ ಉತ್ತರ ಬರೆದು ಕೊಡಬೇಕು, ಏಕೆಂದರೆ ಎತ್ತಿದ ಪ್ರಶ್ನೆ ಮತ್ತು ಅರ್ಜಿದಾರರ, ಅಂದರೆ ಕಂಪನಿಯ, ಉತ್ತರ ಎರಡನ್ನೂ ನಡಾವಳಿಗೆ ಲಗತ್ತಿಸುವ ನಿಯಮವಿದೆ. ತಲಾ ಮೂರು ನಿಮಿಷ, ಒಂದು ಪುಟ. ಗಟ್ಟಿಯಾಗಿ ಓದಿ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ. ಅದೇ ಪುಟವನ್ನು ಎರಡು ಪ್ರತಿ ಮಾಡಿ, ಒಂದನ್ನು ಮಂಡಳಿಯ ಅಧಿಕಾರಿಗೆ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಮೈಕು ಸಿಗದಿದ್ದರೂ ಕಾಗದ ಒಳಗೆ ಹೋಗಿರುತ್ತದೆ. ಯೋಜನೆ ಬೇಕೆನ್ನುವವರೂ ನಿಮ್ಮ ಊರಿನಲ್ಲಿ ಇದ್ದಾರು, ಅವರ ಉದ್ಯೋಗದ ಪ್ರಶ್ನೆಯೂ ನಿಜವಾದದ್ದೇ. ಅವರನ್ನೂ ಇದೇ ಜಗುಲಿಗೆ ಕರೆಯಿರಿ. ಎಷ್ಟು ಕೆಲಸ, ಯಾವ ವಿದ್ಯಾರ್ಹತೆಗೆ, ಕಾಯಂ ಎಷ್ಟು ಎಂಬುದನ್ನು ಬರಹದಲ್ಲಿ ಕೇಳುವುದು ಇಬ್ಬರಿಗೂ ಬೇಕಾದದ್ದು.

ಮೂರು ಸಭೆ ಮಾಡಿದೆವು. ಮಾತು ಚೆನ್ನಾಗಿ ಆಯಿತು. ಆದರೆ ಅಲ್ಲಿಂದ ಮುಂದೆ ಏನೂ ಆಗಿಲ್ಲ.
(ಸಿದ್ದಾಪುರದಿಂದ)

ಕೆಲಸ ಯಾರದ್ದೆಂದು ಪತ್ತೆ ಮಾಡದೆ ಅರ್ಜಿ ಬರೆದಿರಬಹುದು. ರಸ್ತೆಯನ್ನೇ ನೋಡಿ. ಕೇರಿಯೊಳಗಿನದು ಗ್ರಾಮ ಪಂಚಾಯ್ತಿಯದ್ದು, ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆ ಜಿಲ್ಲಾ ಪಂಚಾಯ್ತಿಯದ್ದು, ಜಿಲ್ಲಾ ಮುಖ್ಯರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು, 66ನೇ ರಾಷ್ಟ್ರೀಯ ಹೆದ್ದಾರಿ ಹೆದ್ದಾರಿ ಪ್ರಾಧಿಕಾರದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು, ಆಗಸ್ಟ್ 7ರಂದು ಕಾರವಾರದ ಕಾಳಿ ಹಳೇ ಸೇತುವೆ ಬಿದ್ದದ್ದು ಈ ಹೆದ್ದಾರಿಯಲ್ಲೇ. ಹೆದ್ದಾರಿ ಪಕ್ಕದ ಗುಡ್ಡ ಕಡಿದ ಬಗ್ಗೆ ಗ್ರಾಮ ಪಂಚಾಯ್ತಿಗೆ ಎಷ್ಟು ಅರ್ಜಿ ಕೊಟ್ಟರೂ ಅದು ಮುಂದಕ್ಕೆ ಕಳಿಸುವ ಟಪಾಲು ಮಾತ್ರ. ಅಂಥದ್ದನ್ನು ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಬರೆದು ಜಿಲ್ಲಾಧಿಕಾರಿಗೆ ಪ್ರತಿ ಹಾಕಿ. ವಿದ್ಯುತ್ತಾದರೆ ಹೆಸ್ಕಾಂ, ಮೊದಲ ದೂರು 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಆಮೇಲೆ ಅರ್ಜಿ.

ರಸ್ತೆ ಯಾರದ್ದೆಂದೇ ತಿಳಿಯದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೇಳಿ, 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ ಇದೆ. ಇದನ್ನು ಮರೆತು ಎರಡು ಪುಟದ ಸಂಕಟ ತೋಡಿಕೊಂಡ ಅರ್ಜಿಗಳು ವಾಪಸು ಬರುತ್ತವೆ. 'ಯಾಕೆ ಮಾಡಿಲ್ಲ' ಎಂದು ಕೇಳಬೇಡಿ. 'ಇಂಥ ರಸ್ತೆ ಯಾವ ಇಲಾಖೆಯ ವಹಿಯಲ್ಲಿದೆ, ಕೊನೆಯ ಮೂರು ವರ್ಷದ ಕಾಮಗಾರಿಯ ಅಂದಾಜು ಪತ್ರಿಕೆ ಮತ್ತು ಬಿಲ್ಲಿನ ಪ್ರತಿ ಕೊಡಿ' ಎಂದು ಕೇಳಿ. ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ, ಸಮಜಾಯಿಷಿ ಸಿಗುವುದಿಲ್ಲ.

ಪಂಚಾಯ್ತಿಯ ಕೈಯಲ್ಲಿರುವ ಕೆಲಸಕ್ಕೆ ದಾರಿ ವಾರ್ಡ್ ಸಭೆ. ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ಆಗಬೇಕೆಂದು ಪಂಚಾಯತ್ ರಾಜ್ ಅಧಿನಿಯಮವೇ ಹೇಳುತ್ತದೆ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಹಾಗಾಗಿ ನಿಮ್ಮ ಜಗುಲಿ ಸಭೆ ಸೆಪ್ಟೆಂಬರಿನಲ್ಲೇ ಮುಗಿದಿರಬೇಕು. ಜನವರಿಯಲ್ಲಿ ಎಚ್ಚತ್ತರೆ ಪಟ್ಟಿ ಮುಗಿದಿರುತ್ತದೆ. ವಾರ್ಡ್ ಸಭೆಗೆ ಹೋಗುವಾಗ ಒಂದೇ ಪುಟ ಒಯ್ಯಿರಿ: ಜಾಗ, ಹಳ್ಳದ ಅಗಲ ಎಷ್ಟು ಮೀಟರ್, ದಿನಕ್ಕೆ ಎಷ್ಟು ಮಕ್ಕಳು ದಾಟುತ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ದಾಟಲಾಗುವುದಿಲ್ಲ, ಸುತ್ತು ದಾರಿ ಎಷ್ಟು ಕಿಲೋಮೀಟರ್. ಅಗಲವನ್ನು ಹಗ್ಗ ಹಿಡಿದು ಅಳೆಯಿರಿ. ಬಾಯಿಮಾತಿನ 'ದೊಡ್ಡ ಹಳ್ಳ'ಕ್ಕೆ ಎಂಜಿನಿಯರ್ ಅಂದಾಜು ಮಾಡಲಾರರು.

ಸಭೆಯಲ್ಲಿ ಓದಿದ್ದು ಠರಾವಿನಲ್ಲಿ ಬಂತೇ ಎಂದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಕೇಳಿ, ಠರಾವಿನ ಸಂಖ್ಯೆ ಬರೆದುಕೊಳ್ಳಿ. ಅರ್ಜಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ, ತಾರೀಕು, ಮುದ್ರೆ ಮೂರೂ ಬೀಳಲಿ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪಂಚಾಯ್ತಿಯ ಲೆಕ್ಕ, ಕಾಮಗಾರಿಯ ಕಡತ ಜನರ ಎದುರು ಇಡಬೇಕು. ಜಗುಲಿಯಿಂದ ನಾಲ್ಕು ಜನ ಅಲ್ಲಿಗೆ ಹೋಗಿ ತಮ್ಮ ವಾರ್ಡಿನ ಒಂದು ಕಾಮಗಾರಿಯ ಅಳತೆ ಪುಸ್ತಕ ತೆಗೆಸಿ ನೋಡುವುದು ಇಡೀ ವರ್ಷದ ಮಾತಿಗಿಂತ ಹೆಚ್ಚು ಕಲಿಸುತ್ತದೆ.

ಪಂಚಾಯ್ತಿ ಸದಸ್ಯರನ್ನು, ಅಧಿಕಾರಿಗಳನ್ನು ಕರೆಯಬಹುದೇ?
(ಗೋಕರ್ಣದಿಂದ)

ಮೊದಲ ಸಭೆಗೆ ಬೇಡ. ಅವರಿದ್ದರೆ ಜನ ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ, ಎಲ್ಲರೂ ಅವರ ಕಡೆ ತಿರುಗಿ ದೂರುತ್ತಾರೆ. ಎರಡನೇ ಅಥವಾ ಮೂರನೇ ಸಭೆಗೆ, ಮೂರು ಪ್ರಶ್ನೆಗಳನ್ನು ನಾಲ್ಕು ದಿನ ಮೊದಲೇ ಬರೆದು ಕಳಿಸಿ, ಅರ್ಧ ತಾಸಿಗೆ ಕರೆಯಿರಿ. ಹಾರ, ಶಾಲು, ಸ್ವಾಗತ ಭಾಷಣ ಬೇಡವೇ ಬೇಡ. ಅವರೂ ಸುತ್ತಿನಲ್ಲೇ ಕೂರಲಿ. ಮುಜುಗರ ಮಾಡುವ ಉದ್ದೇಶದಿಂದ ಕರೆದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ವಾಟ್ಸ್ಆ್ಯಪ್ ಗುಂಪು ಮಾಡಿದರೆ ಸಭೆಯೇ ಬೇಡವಲ್ಲ?
(ಭಟ್ಕಳದಿಂದ)

ತಾರೀಕು ತಿಳಿಸಲು, ಚಾರ್ಟ್ ಹಾಳೆಯ ಫೋಟೊ ಹಾಕಲು ಗುಂಪು ಇರಲಿ. ಚರ್ಚೆ ಅಲ್ಲಿ ಬೇಡ. ಎದುರಿಗೆ ಕೂತಾಗ ಆಡದ ಮಾತನ್ನು ಜನ ರಾತ್ರಿ ಹನ್ನೊಂದಕ್ಕೆ ಬೆರಳಲ್ಲಿ ಒತ್ತುತ್ತಾರೆ, ಅದು ಬೆಳಗಾಗುವುದರೊಳಗೆ ಊರೆಲ್ಲ ತಿರುಗಿರುತ್ತದೆ. ಸಭೆಯಲ್ಲಿ ಆಡಿದ್ದನ್ನು ರೆಕಾರ್ಡ್ ಮಾಡಬೇಡಿ, ಮಾಡುವುದಿಲ್ಲ ಎಂದು ಶುರುವಿನಲ್ಲೇ ಎಲ್ಲರಿಗೂ ಹೇಳಿ. ಯಾರದ್ದಾದರೂ ಹೆಸರು ಹಿಡಿದು 'ದುಡ್ಡು ತಿಂದ' ಎಂದು ಬರೆದರೆ ಮಾನಹಾನಿ ಪ್ರಕರಣಕ್ಕೆ ದಾರಿಯಾಗುತ್ತದೆ. ಬಿಲ್ಲಿನ ಪ್ರತಿ ಕೈಗೆ ಬರುವವರೆಗೂ ಕಾಮಗಾರಿಯ ಹೆಸರಷ್ಟೇ ಬರೆಯಿರಿ, ವ್ಯಕ್ತಿಯದ್ದು ಬೇಡ.

ಮೊದಲ ಸಭೆಗೆ ಹದಿನಾರು ಜನ, ನಾಲ್ಕನೆಯದಕ್ಕೆ ನಾಲ್ಕೇ ಜನ. ಬಿಟ್ಟುಬಿಡುವುದೇ?
(ಯಲ್ಲಾಪುರದಿಂದ)

ಚರ್ಚೆಗೆ ನಾಲ್ಕು ಜನ ಕಡಿಮೆ, ಅರ್ಜಿ ಹಿಡಿದು ತಾಲೂಕು ಕಚೇರಿಗೆ ಹೋಗಲು ಧಾರಾಳ. 1983ರ ಸೆಪ್ಟೆಂಬರಿನಲ್ಲಿ ಕಾಡು ಉಳಿಸಲು ಮರ ಅಪ್ಪಿಕೊಂಡು 'ಅಪ್ಪಿಕೋ' ಚಳವಳಿ ಶುರುಮಾಡಿದ ಸಾಲ್ಕಣಿಯವರೂ ನಿಮ್ಮ ಪಕ್ಕದ ಶಿರಸಿ ತಾಲೂಕಿನ ಒಂದು ಹಳ್ಳಿಯವರೇ.

ಆದರೆ ಜನ ಯಾಕೆ ಬಿಟ್ಟರೆಂದು ನೋಡಿ. ಹೆಚ್ಚಾಗಿ ಕಾರಣ ಎರಡು. ಒಂದು, ಹಿಂದಿನ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಏನಾಯಿತೆಂದು ಯಾರೂ ಹೇಳದೆ ಹೊಸ ವಿಷಯ ತೆಗೆದದ್ದು. ಪ್ರತಿ ಸಭೆಯ ಮೊದಲ ಐದು ನಿಮಿಷ ಹಳೆಯ ಹಾಳೆಯನ್ನೇ ಗೋಡೆಗೆ ಹಚ್ಚಿ, ಆಗದಿದ್ದರೆ ಆಗಿಲ್ಲ ಎಂದೇ ಹೇಳಿ. ಇನ್ನೊಂದು, ಒಂದೇ ಪ್ರಶ್ನೆಯನ್ನು ಎಳೆದದ್ದು. ಒಂದು ವಿಷಯಕ್ಕೆ ಮೂರು ಸಭೆ ಸಾಕು. ಮೂರನೆಯದರ ಕೊನೆಗೆ ಕಾಗದ ಕಚೇರಿಗೆ ಹೋಗಬೇಕು, ಉತ್ತರ ಬರುವವರೆಗೆ ಮತ್ತೆ ಕರೆಯಬೇಡಿ. ಉತ್ತರ ಬಂದ ದಿನ ಹದಿನಾರೂ ಮನೆಗೆ ಹೋಗಿ, ಬಾರದೆ ಬಿಟ್ಟವರಿಗೂ, ಆ ಕಾಗದದ ಪ್ರತಿ ತೋರಿಸಿ ಬನ್ನಿ. ಮುಂದಿನ ಸಭೆಯ ತಾರೀಕನ್ನು ಹೇಳಬೇಕಾದದ್ದು ಆಗ.